ಸ್ಯಾಜೆರಾಕ್ ಮಾಡಲೋ, ವ್ಯೂ ಕಾರೇ ಮಾಡಲೋ?

ನಮ್ಮ ಕಡೆ ಕುಡಿಯುವವರಲ್ಲಿ ವಿಸ್ಕಿಯವರು ಬೇರೆ, ಬ್ರಾಂದಿಯವರು ಬೇರೆ. ಮದುವೆಯ ಊಟ ಮುಗಿದು ಮಹಡಿ ಮೇಲೆ ಸೇರುವ ಗುಂಪಿನಲ್ಲೂ ಎರಡು ಬಾಟಲಿ ಎರಡು ಮೂಲೆಯಲ್ಲಿ ಇರುತ್ತವೆ. ಒಂದರದ್ದು ಇನ್ನೊಂದರ ಲೋಟಕ್ಕೆ ಬೀಳಬಾರದು. 'ಮಿಕ್ಸ್ ಮಾಡಿದ್ರೆ ಬೆಳಿಗ್ಗೆ ತಲೆ ಎತ್ತೋಕಾಗಲ್ಲ' ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ ಬೆಳಗಿನ ತಲೆನೋವಿಗೆ ದೊಡ್ಡ ಕಾರಣ ಒಟ್ಟು ಎಷ್ಟು ಕುಡಿದಿರಿ ಎಂಬುದು, ಎಷ್ಟು ಬಗೆ ಕುಡಿದಿರಿ ಎಂಬುದಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ವಿಸ್ಕಿಯನ್ನೂ ಬ್ರಾಂದಿಯನ್ನೂ ಸರಿಸಮ ಅಳೆದು ಒಂದೇ ಲೋಟಕ್ಕೆ ಸುರಿಯುತ್ತಾರೆ. ಆ ಕಾಕ್‌ಟೇಲಿನ ಹೆಸರು ವ್ಯೂ ಕಾರೇ. ಅದೇ ಊರಿನ ಹಿರಿಯ ಕಾಕ್‌ಟೇಲ್ ಸ್ಯಾಜೆರಾಕ್.

ಮನೆಯಲ್ಲಿ ಒಂದು ರೈ ವಿಸ್ಕಿ (ರೈ ಎಂಬ ಧಾನ್ಯದ್ದು), ಒಂದು ಕೋನ್ಯಾಕ್ (ಫ್ರಾನ್ಸಿನ ದ್ರಾಕ್ಷಿ ಬ್ರಾಂದಿ) ಇಟ್ಟುಕೊಂಡು 'ಎರಡರಲ್ಲಿ ಯಾವುದು ಮಾಡಲಿ' ಎಂದು ಕೇಳುವ ಗೆಳೆಯರು ನನಗೆ ಸುಮಾರು ಜನ ಇದ್ದಾರೆ. ಹ್ಯೂಸ್ಟನ್ನಿನಲ್ಲಿದ್ದ ವರ್ಷಗಳಲ್ಲಿ ರಜೆ ಸಿಕ್ಕಿದಾಗಲೆಲ್ಲ ಐದಾರು ಗಂಟೆ ಕಾರು ಓಡಿಸಿಕೊಂಡು ಆ ಊರಿಗೆ ಹೋಗಿ ಬಂದವನು ನಾನು. ಎರಡನ್ನೂ ಅಲ್ಲಿ ಕುಡಿದಿದ್ದೇನೆ, ಮನೆಯಲ್ಲಿ ಮಾಡಿ ಕೆಡಿಸಿದ್ದೇನೆ, ಸರಿಮಾಡಿಕೊಂಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ನಿಜಕ್ಕೂ ಒಳ್ಳೆಯ ಒಂದು ಬಾಟಲಿ ಇದ್ದರೆ ಸ್ಯಾಜೆರಾಕ್ ಮಾಡಿ. ಸಾಧಾರಣದ ಎರಡು ಬಾಟಲಿ ಇದ್ದರೆ ವ್ಯೂ ಕಾರೇ ಮಾಡಿ. ಯಾಕೆ ಎನ್ನುವುದಕ್ಕೆ ಇವು ಹುಟ್ಟಿದ ಜಾಗದಿಂದ ಶುರುಮಾಡಬೇಕು.

ಒಂದೇ ಬೀದಿಯ ಎರಡು ಕಥೆ

ನ್ಯೂ ಆರ್ಲಿಯನ್ಸಿನ ಹಳೇ ಫ್ರೆಂಚ್ ಪೇಟೆಯಲ್ಲಿ ರಾಯಲ್ ಸ್ಟ್ರೀಟ್ ಎಂಬ ಬೀದಿ ಇದೆ. 19ನೇ ಶತಮಾನದಲ್ಲಿ ಅಲ್ಲಿ ಆಂಟ್ವಾನ್ ಪೇಶೋ ಎಂಬ ಕ್ರಿಯೋಲ್ (ಫ್ರೆಂಚ್ ಮೂಲದ ಸ್ಥಳೀಯ) ಔಷಧ ವ್ಯಾಪಾರಿಯ ಅಂಗಡಿ ಇತ್ತು. ಅವನು ಗಿಡಮೂಲಿಕೆ ಹಾಕಿ ಮಾಡಿದ ಕೆಂಪು ಬಣ್ಣದ ಕಹಿ ಔಷಧವೇ ಇವತ್ತಿಗೂ ಪೇಶೋ ಬಿಟರ್ಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಸ್ಯಾಜೆರಾಕ್ ಎಂಬುದು ಮೊದಲು ಒಂದು ಕೋನ್ಯಾಕಿನ ಹೆಸರು: ಸ್ಯಾಜೆರಾಕ್ ದ ಫೋರ್ಜ್ ಎ ಫೀಸ್. 1850ರ ದಶಕದಲ್ಲಿ ಆ ಕೋನ್ಯಾಕಿನ ಹೆಸರನ್ನೇ ಹೊತ್ತ ಸ್ಯಾಜೆರಾಕ್ ಕಾಫಿ ಹೌಸ್ ಅಲ್ಲೇ ಹತ್ತಿರದಲ್ಲಿ ನಡೆಯುತ್ತಿತ್ತು. ಅಲ್ಲಿ ಕಾಫಿ ಹೌಸ್ ಎಂದರೆ ಶರಾಬಿನ ಅಂಗಡಿಯೇ. ಮುಂದೆ ಅದನ್ನು ನಡೆಸಿದ ಟಾಮಸ್ ಹ್ಯಾಂಡಿ ಪೇಶೋ ಬಿಟರ್ಸಿನ ಹಕ್ಕನ್ನೂ ಕೊಂಡ.

ಈ ಕಾಕ್‌ಟೇಲಿನ ಬಗ್ಗೆ ಎರಡು ಕಥೆ ಎಲ್ಲ ಕಡೆ ಓದಲು ಸಿಗುತ್ತವೆ. ಒಂದು, ಪೇಶೋ ತನ್ನ ಔಷಧವನ್ನು ಮೊಟ್ಟೆ ಇಡುವ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಿದ್ದ, ಅದರ ಫ್ರೆಂಚ್ ಹೆಸರು ಕೋಕ್ತಿಯೆ, ಅದೇ ಕಾಕ್‌ಟೇಲ್ ಆಯಿತು ಎಂಬುದು. ಇದು ಆಗದ ಮಾತು. 1806ರ ಮೇ 13ರಂದೇ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಸೇರಿದ್ದು ಎಂದು ಅರ್ಥ ಬರೆದಿತ್ತು. ಆಗ ಪೇಶೋ ಇನ್ನೂ ಮಗು. ಎರಡನೆಯದು, ಸ್ಯಾಜೆರಾಕ್ ಮೊದಲು ಕೋನ್ಯಾಕಿನಲ್ಲೇ ಆಗುತ್ತಿತ್ತು, ಫಿಲೋಕ್ಸೆರಾ ಎಂಬ ಹೇನಿನಂಥ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ತಿಂದುಹಾಕಿದ ಮೇಲೆ ಬ್ರಾಂದಿ ಸಿಗದೆ ರೈ ವಿಸ್ಕಿ ಬಂತು ಎಂಬುದು. ಕೀಟ ಬಂದದ್ದು, ಕೋನ್ಯಾಕ್ ಸೀಮೆಯ ತೋಟಗಳು 1870ರ ದಶಕದಿಂದ ಹಾಳಾದದ್ದು ನಿಜ. ಆದರೆ 20ನೇ ಶತಮಾನದ ಆರಂಭದಲ್ಲಿ ಅಚ್ಚಾದ ಸ್ಯಾಜೆರಾಕಿನ ಮೊದಲ ವಿಧಾನಗಳಲ್ಲಿ ಇರುವುದು ವಿಸ್ಕಿ. ಕೋನ್ಯಾಕಿನ ಸ್ಯಾಜೆರಾಕ್ ಕೇಳಲು ಚೆನ್ನಾಗಿರುವ ಕಥೆ, ಕುಡಿಯಲೂ ಚೆನ್ನಾಗಿದೆ, ದಾಖಲೆ ಮಾತ್ರ ವಿಸ್ಕಿಯ ಪರ. ಹಾಗಿದ್ದೂ ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘದ ಪಟ್ಟಿಯಲ್ಲಿ ಸ್ಯಾಜೆರಾಕಿಗೆ ಇರುವುದು 50 ಮಿ.ಲೀ. ಕೋನ್ಯಾಕ್. ಆದ್ದರಿಂದ ನೀವು ಯಾವುದರಲ್ಲಿ ಮಾಡಿದರೂ ತಪ್ಪು ಎನ್ನುವವರ ಮಾತಿಗೆ ತಲೆಕೆಡಿಸಿಕೊಳ್ಳಬೇಡಿ.

ವ್ಯೂ ಕಾರೇ ಕಥೆ ಚಿಕ್ಕದು, ಗೊಂದಲವೂ ಇಲ್ಲ. ಅದೇ ರಾಯಲ್ ಸ್ಟ್ರೀಟಿನಲ್ಲಿ ಮಾಂಟೆಲಿಯೋನ್ ಹೋಟೆಲ್ ಇದೆ. ಸಿಸಿಲಿಯಿಂದ ಬಂದ ಚಪ್ಪಲಿ ಹೊಲಿಯುವ ಆಂಟೋನಿಯೊ ಮಾಂಟೆಲಿಯೋನ್ 1886ರಲ್ಲಿ ಶುರುಮಾಡಿದ ಸಂಸಾರದ ಹೋಟೆಲ್ ಅದು. 1930ರ ದಶಕದಲ್ಲಿ, ಪಾನನಿಷೇಧ ತೆಗೆದ ಮೇಲೆ, ಅಲ್ಲಿನ ಬಾರಿನ ಮುಖ್ಯಸ್ಥ ವಾಲ್ಟರ್ ಬರ್ಜರಾನ್ ಇದನ್ನು ಮಾಡಿದ. 1937ರಲ್ಲಿ ಬಂದ ನ್ಯೂ ಆರ್ಲಿಯನ್ಸಿನ ಪಾನೀಯಗಳ ಪುಸ್ತಕದಲ್ಲಿ ಅವನ ಹೆಸರಿನೊಂದಿಗೇ ಅಳತೆ ಅಚ್ಚಾಗಿದೆ. ವ್ಯೂ ಕಾರೇ ಎಂದರೆ ಫ್ರೆಂಚಿನಲ್ಲಿ 'ಹಳೇ ಚೌಕ', ಅಂದರೆ ಆ ಪೇಟೆಯ ಹೆಸರೇ. ಕೋನ್ಯಾಕ್, ಬೆನೆಡಿಕ್ಟೀನ್ ಎಂಬ ಸಿಹಿ ಮದ್ಯ ಫ್ರೆಂಚರದ್ದು, ವರ್ಮೂತ್ ಎಂಬ ಗಿಡಮೂಲಿಕೆಯ ವೈನ್ ಇಟಲಿಯವರದ್ದು, ರೈ ಅಮೆರಿಕದವರದ್ದು, ಬಿಟರ್ಸ್ ಕೆರಿಬಿಯನ್ ಕಡೆಯವರದ್ದು, ಹೀಗೆ ಪೇಟೆಯ ಜನರೆಲ್ಲ ಒಂದು ಲೋಟದಲ್ಲಿದ್ದಾರೆ ಎಂದು ಅಲ್ಲಿ ವಿವರಿಸುತ್ತಾರೆ. ಬರ್ಜರಾನ್ ಹಾಗೆ ಯೋಚಿಸಿಯೇ ಮಾಡಿದನೋ ಏನೋ, ಕುಡಿಯುವಾಗ ಮಾತ್ರ ಆ ವಿವರಣೆ ನಾಲಿಗೆಗೆ ಒಪ್ಪುತ್ತದೆ.

ಊರಿಗೇ ಹೋಗುವವರಿಗೆ ಒಂದು ಮಾತು. ಮಾಂಟೆಲಿಯೋನಿನ ಕ್ಯಾರೊಸೆಲ್ ಬಾರ್ 1949ರಿಂದ ಇದೆ. ಜಾತ್ರೆಯ ಗಿರಗಿಟ್ಟಲೆಯ ಹಾಗೆ 25 ಕುರ್ಚಿಗಳು ಬಾರಿನ ಸುತ್ತ ನಿಧಾನ ತಿರುಗುತ್ತವೆ, ಒಂದು ಸುತ್ತಿಗೆ ಕಾಲು ಗಂಟೆ. ಅದೇ 1949ರಲ್ಲಿ ರೂಸ್‌ವೆಲ್ಟ್ ಹೋಟೆಲಿಗೆ ಬಂದ ಸ್ಯಾಜೆರಾಕ್ ಬಾರ್ ಹೆಂಗಸರಿಗೂ ಬಾಗಿಲು ತೆರೆಯಿತು. ಅದಕ್ಕೆ ಮುಂಚೆ ಮಾರ್ಡಿ ಗ್ರಾ ಹಬ್ಬದ ದಿನ ಬಿಟ್ಟರೆ ಅವರಿಗೆ ಪ್ರವೇಶವಿರಲಿಲ್ಲ. ಮೊದಲ ಸಂಜೆ ಸ್ಯಾಜೆರಾಕ್ ಬಾರಿನಲ್ಲಿ ಒಂದು, ಮರುದಿನ ತಿರುಗುವ ಕುರ್ಚಿಯಲ್ಲಿ ಒಂದು. ಒಂದೇ ರಾತ್ರಿ ಎರಡೂ ಬೇಡ, ಕಾರಣ ಕೆಳಗೆ ಲೆಕ್ಕ ಹಾಕಿದ್ದೇನೆ.

ಲೋಟದೊಳಗೆ ಏನು ನಡೆಯುತ್ತದೆ

ರೈ ಎಂದರೆ ಒಗ್ಗರಣೆಯ ಸಾಸಿವೆಯಲ್ಲ. ಗೋಧಿಯ ಜಾತಿಯ, ಚಳಿ ಸೀಮೆಯಲ್ಲಿ ಬೆಳೆಯುವ ಧಾನ್ಯ. ಅಮೆರಿಕದ ಕಾನೂನಿನಂತೆ ರೈ ವಿಸ್ಕಿಯ ಧಾನ್ಯದಲ್ಲಿ ಅದು ನೂರಕ್ಕೆ 51 ಪಾಲಾದರೂ ಇರಬೇಕು. ರುಚಿ ಖಾರವಾಗಿ, ಒಣಗಾಗಿ ಇರುತ್ತದೆ. ಮೆಣಸಿನ ಸಾರು ಇಳಿದ ಮೇಲೆ ಗಂಟಲಲ್ಲಿ ಉಳಿಯುವ ಬಿಸಿ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಕೋನ್ಯಾಕ್ ಫ್ರಾನ್ಸಿನ ಅದೇ ಹೆಸರಿನ ಸೀಮೆಯ ದ್ರಾಕ್ಷಿ ಬ್ರಾಂದಿ. ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಿ ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಇಡುತ್ತಾರೆ. ಬಾಟಲಿಯ ಮೇಲೆ ವಿಎಸ್‌ಒಪಿ ಎಂದಿದ್ದರೆ ಕನಿಷ್ಠ ನಾಲ್ಕು ವರ್ಷ. ರುಚಿಯಲ್ಲಿ ಒಣದ್ರಾಕ್ಷಿ, ಹಣ್ಣು, ನಾಲಿಗೆ ಮೇಲೆ ದುಂಡಗಿನ ಭಾರ.

ರೈ ಒಂದೇ ಕುಡಿದರೆ ಮೊದಲು ಚುರುಕು, ನಡುವೆ ಖಾಲಿ. ಕೋನ್ಯಾಕ್ ಒಂದೇ ಕುಡಿದರೆ ನಡುವೆ ತುಂಬಿರುತ್ತದೆ, ಕೊನೆ ಬೇಗ ಮಾಯವಾಗುತ್ತದೆ. ಎರಡನ್ನೂ ಸೇರಿಸಿದರೆ ಒಂದರ ಖಾಲಿ ಜಾಗವನ್ನು ಇನ್ನೊಂದು ತುಂಬುತ್ತದೆ. ವ್ಯೂ ಕಾರೇಯಲ್ಲಿ ಎರಡು ಮದ್ಯ ಇರುವುದು ಇದಕ್ಕೇ ಹೊರತು ಜೋರು ಹೆಚ್ಚಿಸಲು ಅಲ್ಲ. ಅಲ್ಲಿ ಯಾವ ಬಾಟಲಿಯೂ ಒಬ್ಬಂಟಿಯಾಗಿ ಎದುರು ನಿಲ್ಲಬೇಕಾಗಿಲ್ಲ. ಅದಕ್ಕೇ ಸಾಧಾರಣ ಬಾಟಲಿಗಳೂ ನಡೆಯುತ್ತವೆ ಎಂದದ್ದು. ಸ್ಯಾಜೆರಾಕಿನಲ್ಲಿ ಮದ್ಯ ಒಂದೇ, ಅದಕ್ಕೆ ಮರೆಯಿಲ್ಲ. ಸಕ್ಕರೆ ಚೂರು, ಬಿಟರ್ಸ್ ನಾಲ್ಕು ತೊಟ್ಟು, ಸೋಂಪಿನ ಒಂದು ಉಸಿರು, ಅಷ್ಟೇ. ವಿಸ್ಕಿ ಕಳಪೆಯಾದರೆ ಸ್ಯಾಜೆರಾಕೂ ಕಳಪೆ.

ಬಾಟಲಿಗಳ ಲೆಕ್ಕ

ಸ್ಯಾಜೆರಾಕಿಗೆ ಮೂರು ಬಾಟಲಿ ಸಾಕು: ರೈ, ಪೇಶೋ ಬಿಟರ್ಸ್, ಸೋಂಪಿನ ಘಮದ ಮದ್ಯ ಆಬ್ಸಿಂತ್. ವ್ಯೂ ಕಾರೇಗೆ ಆರು ಬೇಕು: ರೈ, ಕೋನ್ಯಾಕ್, ಕೆಂಪು ಸಿಹಿ ವರ್ಮೂತ್, ಬೆನೆಡಿಕ್ಟೀನ್, ಪೇಶೋ, ಆಂಗೊಸ್ಟುರಾ. ಹೊಸದಾಗಿ ಕೊಳ್ಳುವವರಿಗೆ ಈ ಲೆಕ್ಕವೇ ತೀರ್ಮಾನ ಮಾಡಿಬಿಡಬಹುದು. ಆದರೆ ಆರರಲ್ಲಿ ಬಿಟರ್ಸುಗಳು ವರ್ಷಗಟ್ಟಲೆ ಬರುತ್ತವೆ, ಬೆನೆಡಿಕ್ಟೀನ್ ಒಮ್ಮೆಗೆ ಚಮಚದಷ್ಟೇ ಹೋಗುತ್ತದೆ.

ಎರಡು ಬಿಟರ್ಸ್ ಒಂದೇ ಅಲ್ಲ. 1824ರಲ್ಲಿ ವೆನೆಜುವೆಲಾದಲ್ಲಿ ಜರ್ಮನ್ ವೈದ್ಯ ಸೀಗರ್ಟ್ ಮಾಡಿದ, ಈಗ ಟ್ರಿನಿಡಾಡಿನಿಂದ ಬರುವ ಆಂಗೊಸ್ಟುರಾದಲ್ಲಿ ಲವಂಗ, ಚಕ್ಕೆಯ ಘಮ ಮುಂದು. ಪೇಶೋದಲ್ಲಿ ಸೋಂಪಿನ ತಂಪು ಮುಂದು. ಸ್ಯಾಜೆರಾಕಿಗೆ ಪೇಶೋ ಇಲ್ಲದೆ ಬರೀ ಆಂಗೊಸ್ಟುರಾ ಹಾಕಿದರೆ ಅದು ಸ್ಯಾಜೆರಾಕ್ ಆಗುವುದಿಲ್ಲ. ವ್ಯೂ ಕಾರೇಯಲ್ಲಿ ಪೇಶೋ ಸಿಗದಿದ್ದರೆ ಸ್ವಲ್ಪ ಕುಂಟುತ್ತದೆ, ಬೀಳುವುದಿಲ್ಲ.

ಆಬ್ಸಿಂತ್ ಬಗ್ಗೆ ಹೆದರಿಕೆ ಬೇಡ. ಹುಚ್ಚು ಹಿಡಿಸುತ್ತದೆ ಎಂಬ ಗುಮಾನಿಯಲ್ಲಿ ಅಮೆರಿಕ 1912ರಲ್ಲಿ ಅದನ್ನು ನಿಷೇಧಿಸಿತು, 2007ರಲ್ಲಿ ಮತ್ತೆ ಬಿಟ್ಟಿತು. ನಡುವಿನ ಕಾಲಕ್ಕೆಂದು ನ್ಯೂ ಆರ್ಲಿಯನ್ಸಿನಲ್ಲೇ 1934ರಲ್ಲಿ ಹರ್ಬ್‌ಸೇಂಟ್ ಎಂಬ ಸೋಂಪಿನ ಮದ್ಯ ಮಾರಾಟಕ್ಕೆ ಬಂತು. ಈಗಲೂ ಅಲ್ಲಿ ಬಹಳ ಜನ ಸ್ಯಾಜೆರಾಕಿಗೆ ಅದನ್ನೇ ಬಳಸುತ್ತಾರೆ, ನನಗೂ ಅದರ ಮೃದುತನ ಇಷ್ಟ. ಬೆನೆಡಿಕ್ಟೀನ್ ಫ್ರಾನ್ಸಿನ ನಾರ್ಮಂಡಿಯದು, 27 ಬಗೆಯ ಗಿಡಮೂಲಿಕೆ, ಮಸಾಲೆ ಸೇರಿದ ಸಿಹಿ ಮದ್ಯ, 1863ರಿಂದ ಇದೆ. ಜೇನು, ಕೇಸರಿ ನೆನಪಾಗುತ್ತವೆ. ಕೈ ಜಾರಿ ಹೆಚ್ಚು ಬಿದ್ದರೆ ಲೋಟ ಪೂರ್ತಿ ಅದೇ ಆಗಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ವರ್ಮೂತ್ ಹತ್ತಿರ. ಅದು ಮದ್ಯದ ಬಾಟಲಿಯ ಹಾಗೆ ಕಾಣುತ್ತದೆ, ಆದರೆ ಅದು ವೈನ್. ಗಿಡಮೂಲಿಕೆ, ಸಕ್ಕರೆ, ಸ್ವಲ್ಪ ಮದ್ಯ ಸೇರಿಸಿದ, 15ರಿಂದ 18 ಪಾಲು ಆಲ್ಕೋಹಾಲ್ ಇರುವ ವೈನ್. ಮುಚ್ಚಳ ತೆಗೆದ ದಿನದಿಂದ ಗಾಳಿ ಅದನ್ನು ಕೆಡಿಸುತ್ತ ಬರುತ್ತದೆ. ನಾನು ಒಂದು ಬಾಟಲಿಯನ್ನು ಯುಗಾದಿಗೆ ತೆಗೆದು, ಒಲೆಯ ಪಕ್ಕದ ಕಪಾಟಿನಲ್ಲಿಟ್ಟು, ದೀಪಾವಳಿಗೆ ಮತ್ತೆ ಹೊರತೆಗೆದಿದ್ದೆ. ಒಣದ್ರಾಕ್ಷಿ ನೆನೆಹಾಕಿ ಮರೆತ ನೀರಿನ ವಾಸನೆ. ದುಬಾರಿ ಕೋನ್ಯಾಕಿನ ಮೇಲೆ ಅದನ್ನು ಸುರಿದೂ ಆಗಿತ್ತು, ನಾಲ್ಕು ಲೋಟ ಚೆಲ್ಲಬೇಕಾಯಿತು. ಈಗ ಸಿಕ್ಕರೆ ಚಿಕ್ಕ ಬಾಟಲಿಯನ್ನೇ ಕೊಳ್ಳುತ್ತೇನೆ, ಮುಚ್ಚಳದ ಮೇಲೆ ತೆಗೆದ ತಾರೀಖು ಬರೆದು ಫ್ರಿಜ್ಜಿನಲ್ಲಿಡುತ್ತೇನೆ, ಎರಡು ತಿಂಗಳೊಳಗೆ ಮುಗಿಸುತ್ತೇನೆ. ಫ್ರಿಜ್ಜಿನಲ್ಲಿ ವರ್ಮೂತಿಗೆ ಜಾಗ ಮಾಡಲಾಗದ ಮನೆಯಾದರೆ ಸ್ಯಾಜೆರಾಕೇ ಸರಿ. ಅದರ ಮೂರು ಬಾಟಲಿಯೂ ಕಪಾಟಿನಲ್ಲಿ ಸುಮ್ಮನೆ ಕೂತಿರುತ್ತವೆ.

ಮಾಡುವುದು

ಸ್ಯಾಜೆರಾಕಿಗೆ ಎರಡು ಗಟ್ಟಿ ತಳದ ಲೋಟ ಬೇಕು. ಒಂದಕ್ಕೆ ಐಸ್ ತುಂಬಿ ತಣ್ಣಗಾಗಲು ಬಿಡಿ. ಇನ್ನೊಂದರಲ್ಲಿ ಒಂದು ಸಕ್ಕರೆ ಗಡ್ಡೆ, ಅದರ ಮೇಲೆ ಪೇಶೋ ಮೂರು ನಾಲ್ಕು ತೊಟ್ಟು, ನೀರು ಒಂದೆರಡು ಹನಿ. ಗಡ್ಡೆ ಗುಲಾಬಿ ಬಣ್ಣಕ್ಕೆ ತಿರುಗಿ ಕುಸಿಯುತ್ತದೆ, ಚಮಚದ ಹಿಂಬದಿಯಿಂದ ಪೂರ್ತಿ ಕರಗುವಂತೆ ಅರೆಯಿರಿ. 60 ಮಿ.ಲೀ. ರೈ ಹಾಕಿ, ಐಸ್ ಹಾಕಿ, ಅರ್ಧ ನಿಮಿಷ ಕದಡಿ. ಕುಲುಕಬೇಡಿ. ಕುಲುಕಿದರೆ ಗಾಳಿಗುಳ್ಳೆ ಸೇರಿ ಮಬ್ಬಾಗುತ್ತದೆ, ರೇಷ್ಮೆಯ ನುಣುಪು ಹೋಗುತ್ತದೆ. ಈಗ ಮೊದಲ ಲೋಟದ ಐಸ್ ಚೆಲ್ಲಿ, ಚಮಚದಷ್ಟು ಆಬ್ಸಿಂತ್ ಹಾಕಿ, ಲೋಟವನ್ನು ಓರೆಯಾಗಿ ಹಿಡಿದು ಬೆರಳುಗಳ ನಡುವೆ ತಿರುಗಿಸಿ. ಗಾಜಿಗೆ ತೆಳ್ಳಗೆ ಅಂಟಿದ್ದಷ್ಟು ಉಳಿಯಲಿ, ಮಿಕ್ಕಿದ್ದು ಚೆಲ್ಲಿ. ಐಸಿನ ತೇವ ಉಳಿದಿದ್ದರೆ ಅದು ತಾಗಿದ ಕಡೆ ಹಾಲಿನಂತೆ ಬಿಳುಪೇರುತ್ತದೆ, ಅದು ಸರಿಯೇ. ಅದಕ್ಕೆ ವಿಸ್ಕಿಯನ್ನು ಸೋಸಿ. ಐಸ್ ಹಾಕುವ ಹಾಗಿಲ್ಲ. ಕೊನೆಗೆ ನಿಂಬೆ ಸಿಪ್ಪೆಯ ಒಂದು ಪಟ್ಟಿಯನ್ನು ಲೋಟದ ಮೇಲೆ ಹಿಡಿದು ಹಿಂಡಿ, ಎಣ್ಣೆಯ ಹನಿಗಳು ಮೇಲ್ಮೈಯಲ್ಲಿ ಮಿನುಗುವುದು ದೀಪದ ಬೆಳಕಿಗೆ ಕಾಣುತ್ತದೆ. ಸಿಪ್ಪೆಯನ್ನು ಒಳಗೆ ಹಾಕಬೇಕೋ ಬೇಡವೋ ಎಂಬ ಜಗಳ ಹಳೆಯದು. ನಾನು ಹಾಕುವುದಿಲ್ಲ, ಬಿಟ್ಟರೆ ಕಹಿ ಬಿಡುತ್ತದೆ.

ಇಲ್ಲಿ ನಿಂಬೆ ಎಂದರೆ ಅವರ ದಪ್ಪ ಸಿಪ್ಪೆಯ ಹಳದಿ ಲೆಮನ್. ನಮ್ಮ ತೆಳು ಸಿಪ್ಪೆಯ ನಿಂಬೆಯಿಂದ ಪಟ್ಟಿ ಎಬ್ಬಿಸುವುದು ಕಷ್ಟ, ಎಬ್ಬಿಸಿದರೂ ಘಮ ಬೇರೆ. ಸಿಗದಿದ್ದರೆ ಕಿತ್ತಳೆ ಸಿಪ್ಪೆ ವಾಸಿ.

ವ್ಯೂ ಕಾರೇಗೆ ಇಷ್ಟು ಶಿಸ್ತು ಬೇಕಿಲ್ಲ. ರೈ 30, ಕೋನ್ಯಾಕ್ 30, ವರ್ಮೂತ್ 30 ಮಿ.ಲೀ., ಬೆನೆಡಿಕ್ಟೀನ್ ಅರ್ಧ ಚಮಚದಿಂದ ಒಂದು ಚಮಚ, ಎರಡೂ ಬಿಟರ್ಸ್ ಒಂದೊಂದು ತೊಟ್ಟು. 1937ರ ಅಳತೆಯಲ್ಲಿ ಬೆನೆಡಿಕ್ಟೀನ್ ಅರ್ಧ ಚಮಚ, ನನ್ನ ಕೈಯೂ ಅಲ್ಲಿಗೇ ನಿಲ್ಲುತ್ತದೆ. ಐಸಿನ ಮೇಲೆ ಕದಡಿ, ಹೊಸ ಐಸಿರುವ ಲೋಟಕ್ಕೆ ಸೋಸಿ, ನಿಂಬೆ ಸಿಪ್ಪೆ ಹಿಂಡಿದರೆ ಆಯಿತು. ಐಸ್ ಕರಗುತ್ತ ಹೋದ ಹಾಗೆ ರೈ ಹಿಂದೆ ಸರಿದು ವರ್ಮೂತ್ ಮುಂದೆ ಬರುತ್ತದೆ. ಕಾಲು ಗಂಟೆಯ ನಂತರದ ಗುಟುಕೇ ನನಗೆ ಹೆಚ್ಚು ಇಷ್ಟ. ಸ್ಯಾಜೆರಾಕ್ ಇದಕ್ಕೆ ತದ್ವಿರುದ್ಧ, ಬಿಸಿಯೇರಿದ ಹಾಗೆ ಮೊನಚಾಗುತ್ತದೆ. ಬೇಸಿಗೆಯ ಮಂಗಳೂರಿನಲ್ಲಿ, ಫ್ಯಾನಿನ ಕೆಳಗೆ ಕೂತು ಮಾತಾಡುತ್ತ ಕುಡಿಯುವವರು ಸ್ಯಾಜೆರಾಕ್ ಆರಿಸಿಕೊಳ್ಳಬೇಡಿ.

ನಾಲ್ಕೈದು ಜನ ಬರುವ ದಿನಕ್ಕೂ ವ್ಯೂ ಕಾರೇ ಅನುಕೂಲ. ಮೂರನ್ನೂ 150 ಮಿ.ಲೀ.ನಂತೆ, ಬೆನೆಡಿಕ್ಟೀನ್ ಮೂರು ಚಮಚ, ಬಿಟರ್ಸ್ ಐದೈದು ತೊಟ್ಟು, ನೀರು 100 ಮಿ.ಲೀ. ಒಂದು ಖಾಲಿ ಬಾಟಲಿಗೆ ಹಾಕಿ ಮಧ್ಯಾಹ್ನವೇ ಫ್ರಿಜ್ಜಿನಲ್ಲಿಡಿ. ಬಂದವರಿಗೆ ಐಸಿನ ಮೇಲೆ ಸುರಿದು ಕೊಟ್ಟರೆ ಸಾಕು, ಐದು ಲೋಟ ಆಗುತ್ತದೆ. ಜೊತೆಗೆ ಮೆಣಸು ಹಾಕಿ ಹುರಿದ ಗೋಡಂಬಿ. ಸ್ಯಾಜೆರಾಕ್ ಹೀಗೆ ಆಗದು, ಪ್ರತಿ ಲೋಟಕ್ಕೂ ನೀವು ನಿಂತೇ ಇರಬೇಕು.

ನಮ್ಮ ಬಾಟಲಿಗಳಲ್ಲಿ

ಊರಿನಲ್ಲಿ ಸಿಗುವುದರಲ್ಲಿ ಮಾಡಬಹುದೇ ಎಂದು ಕೇಳುತ್ತಾರೆ. ನಮ್ಮ ಕಡೆ ಅಗ್ಗದ ಬ್ರಾಂದಿ, ವಿಸ್ಕಿ ಬಹುತೇಕ ಕಾಕಂಬಿಯಿಂದ ತೆಗೆದ ಮದ್ಯಕ್ಕೆ ಬಣ್ಣ, ಪರಿಮಳ ಸೇರಿಸಿದವು. ಅದರಲ್ಲಿ ಸ್ಯಾಜೆರಾಕ್ ಮಾಡಲು ಹೋಗಬೇಡಿ. ವ್ಯೂ ಕಾರೇಗಾದರೆ ಲೇಬಲ್ ಓದಿ, ದ್ರಾಕ್ಷಿಯಿಂದಲೇ ಮಾಡಿದ್ದು ಎಂದಿರುವ ಬ್ರಾಂದಿ ಹುಡುಕಿ. ಮೈಸೂರಿನಲ್ಲಿ ಭಾವನ ಮನೆಯಲ್ಲಿ ಹಾಗೇ ಮಾಡಿದೆ. ಭಾವ ಮೂವತ್ತು ವರ್ಷದಿಂದ ಬ್ರಾಂದಿಗೆ ಬಿಸಿನೀರು ಬೆರೆಸಿ ಕುಡಿಯುವವರು. ನಾನು ರೈ ಅಳೆಯುವಾಗ 'ಅದ್ಯಾಕೋ ಅದರ ಜೊತೆ ಇದನ್ನ ಹಾಕ್ತೀಯ' ಎಂದು ಬೇಸರದಿಂದಲೇ ನೋಡುತ್ತಿದ್ದರು. ಅವರ ಬ್ರಾಂದಿಯಲ್ಲಿ ವೆನಿಲ್ಲಾದಂಥ ಸಿಹಿ ಜಾಸ್ತಿ ಇದ್ದದ್ದರಿಂದ ಬೆನೆಡಿಕ್ಟೀನನ್ನು ಕಾಲು ಚಮಚಕ್ಕೆ ಇಳಿಸಿದೆ, ರೈಯನ್ನು 35ಕ್ಕೆ ಏರಿಸಿದೆ. ಒಂದು ಗುಟುಕು ಬಾಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಮೊದಲು ವಿಸ್ಕಿ ಬಂತು ಕಣೋ, ಆಮೇಲೆ ನಮ್ಮದು ಬಂತು' ಎಂದರು. ಲೋಟ ಖಾಲಿ ಮಾಡಿದರು. ಅದೇ ಸಂಜೆ ಮಾಡಿದ ಸ್ಯಾಜೆರಾಕನ್ನು ಮೂಸಿ 'ಸೋಂಪು ಹಾಕಿದ್ಯಾ, ಊಟ ಆದ್ಮೇಲೆ ಕೊಡು' ಎಂದು ಪಕ್ಕಕ್ಕಿಟ್ಟರು. ಸೋಂಪಿನ ಘಮ ಒಗ್ಗದವರಿಗೆ ಸ್ಯಾಜೆರಾಕ್ ಎಷ್ಟು ಚೆನ್ನಾಗಿ ಮಾಡಿದರೂ ಒಗ್ಗುವುದಿಲ್ಲ. ಬಲವಂತ ಮಾಡಬೇಡಿ.

ರೈ ಸಿಗದಿದ್ದರೆ ಬೋರ್ಬನ್ ವಿಸ್ಕಿ ಹಾಕಬಹುದು, ಮೆಕ್ಕೆಜೋಳದ ಸಿಹಿ ಬರುತ್ತದೆ, ಖಾರ ಹೋಗುತ್ತದೆ. ಆಗ ವರ್ಮೂತ್ 25ಕ್ಕೆ ಇಳಿಸಿ. ಹೊಗೆಯ ವಾಸನೆಯ ಮಾಲ್ಟ್ ವಿಸ್ಕಿ ಎರಡಕ್ಕೂ ಬೇಡ.

ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಒಂದು ದಾರಿ ಇದೆ. ಸ್ಯಾಜೆರಾಕಿನ ವಿಧಾನವನ್ನೇ ಇಟ್ಟುಕೊಂಡು ಮದ್ಯವನ್ನು ಮಾತ್ರ ರೈ 30, ಕೋನ್ಯಾಕ್ 30 ಎಂದು ಒಡೆಯಿರಿ. ವರ್ಮೂತಿನ ಸಿಹಿ ಇಲ್ಲದೆ ಎರಡು ಮದ್ಯ ಜೊತೆಗೂಡುವುದು ಹೇಗೆ ಎಂದು ಇದರಲ್ಲಿ ಬಿಚ್ಚಿ ಕಾಣುತ್ತದೆ. ಮನೆಯಲ್ಲಿ ನಾನೊಬ್ಬನೇ ಇರುವ ಸಂಜೆ ಮಾಡಿಕೊಳ್ಳುವುದು ಇದನ್ನೇ. ಕೋನ್ಯಾಕ್ ಇಲ್ಲ, ಮಿಕ್ಕ ಐದೂ ಇದೆ ಎನ್ನುವವರು ರೈ ದುಪ್ಪಟ್ಟು ಮಾಡಿ, ಆಬ್ಸಿಂತಿನ ಎರಡು ತೊಟ್ಟು ಸೇರಿಸಿದರೆ ಅದೇ ಊರಿನ ಲೂಯಿಸಿಯಾನ್ ಎಂಬ ಕಾಕ್‌ಟೇಲಿನ ಹತ್ತಿರ ಬರುತ್ತದೆ, ಅದೂ ಒಳ್ಳೆಯದೇ.

ಎಷ್ಟು ಜೋರು

ನಮ್ಮ ಅಳತೆಯಲ್ಲಿ ಸ್ಯಾಜೆರಾಕ್ ಒಂದು ಲಾರ್ಜ್, ವ್ಯೂ ಕಾರೇ ಒಂದು ನೈಂಟಿ. ಆದರೆ ಆ ನೈಂಟಿಯಲ್ಲಿ ಮೂರನೇ ಒಂದು ಪಾಲು ವೈನ್. ಲೆಕ್ಕ ಹಾಕಿ ನೋಡಿ. ನೂರಕ್ಕೆ 45 ಪಾಲು ಆಲ್ಕೋಹಾಲ್ ಇರುವ ರೈ 60 ಮಿ.ಲೀ. ಎಂದರೆ ಶುದ್ಧ ಆಲ್ಕೋಹಾಲ್ 27 ಮಿ.ಲೀ. ವ್ಯೂ ಕಾರೇಯಲ್ಲಿ ರೈಯಿಂದ 13.5, ಕೋನ್ಯಾಕಿನಿಂದ 12, ವರ್ಮೂತಿನಿಂದ ಸುಮಾರು 5, ಬೆನೆಡಿಕ್ಟೀನಿನಿಂದ 1, ಒಟ್ಟು 31ರ ಹತ್ತಿರ. ಸಿಹಿಯಾಗಿ, ಮೆತ್ತಗೆ ಇಳಿಯುವ ವ್ಯೂ ಕಾರೇಯೇ ಹೆಚ್ಚು ಜೋರು. ಕುಡಿಯುವವರಿಗೆ ಇದು ಗೊತ್ತಾಗುವುದಿಲ್ಲ, ಕೊಡುವವರಿಗೆ ಗೊತ್ತಿರಬೇಕು. ನನ್ನ ಮನೆಯಲ್ಲಿ ಒಬ್ಬರಿಗೆ ಒಂದು, ತುಂಬ ಹೊತ್ತು ಕೂತರೆ ಊಟದ ನಂತರ ಇನ್ನೊಂದು. ಗಾಡಿ ಓಡಿಸಿಕೊಂಡು ಹೋಗುವವರಿಗೆ ಸೋಡಾಕ್ಕೆ ನಿಂಬೆರಸ ಹಿಂಡಿ ಕೊಡುತ್ತೇನೆ.